ಪರದೆಯ ಮೇಲೆ ಹೊತ್ತಿಕೊಂಡ ಮಿಲ್ಲು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಗೋದಾಮಿಗೆ ಬೆಂಕಿ ಬಿದ್ದರೆ ಹೊಗೆ ಹೇಗೆ ತುಂಬುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸವಾಗಿತ್ತು. ಗೋದಾಮಿನ ಹಿಂಬಾಗಿಲಿಗೆ ಅಡ್ಡಲಾಗಿ ಶೇಂಗಾ ಹಿಂಡಿಯ ಚೀಲ ಒಟ್ಟಿದ್ದರು. ತೆಗೆಸಿ ಎಂದಾಗಲೆಲ್ಲ ಮಾಲೀಕರು "ನೋಡೋಣ ಸಾರ್" ಅನ್ನುತ್ತಿದ್ದರು.

ಕೊನೆಗೆ ಅವರ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಪರದೆಯ ಮೇಲೆ ಬೆಂಕಿ ಹಚ್ಚಿದೆ. ಕಪ್ಪು ಹೊಗೆ ಸೂರಿನಿಂದ ಕೆಳಗಿಳಿಯತೊಡಗಿತು. ಮಾಲೀಕರ ತಾಯಿ ಬಗ್ಗಿ ನೋಡಿದರು.

"ಇದು ನಮ್ಮ ಮಿಲ್ಲೇನಪ್ಪಾ?"

"ಹೌದವ್ವ."

"ಆರಿಸು ಮತ್ತೆ."

"ಇದು ಬರೀ ಲೆಕ್ಕ ಅವ್ವ. ಇದ್ರಲ್ಲಿ ಆರ್ಸೋಕೆ ಬರಲ್ಲ."

"ಹಚ್ಚೋಕೆ ಬರ್ತೈತೆ, ಆರ್ಸೋಕೆ ಬರಲ್ವಾ? ಶುಕ್ರವಾರ ದಿನ ನಮ್ಮನೇಲೇ ಕೂತು ನಮ್ಮ ಮಿಲ್ಲು ಸುಟ್ಟು, ಹಂಗೇ ಎದ್ದು ಹೋಗ್ತೀಯಾ?"

ಅವರು ಒಳಗೆ ಹೋಗಿ ಒಂದು ಕೊಡ ನೀರು ಹೊತ್ತು ತಂದರು. ನಾನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದು ನಿಂತೆ.

"ಹಿಂದಿನ ಬಾಗ್ಲು ತೆಗೆದ್ರೆ ಹೊಗೆ ಹೊರಗೆ ಹೋಗುತ್ತೆ ಅವ್ವ, ಒಳಗಿನ ಜನ ಉಳೀತಾರೆ" ಎಂದು ಗಡಬಡಿಸಿ ಹೇಳಿದೆ.

ಅವ್ವ ಮಗನ ಕಡೆ ತಿರುಗಿದರು. "ಏನ್ ನೋಡ್ತಾ ನಿಂತೀಯ? ಹೋಗಿ ಚೀಲ ತೆಗ್ಸು."

ಮಾಲೀಕರು ಬನಿಯನ್ನಿನಲ್ಲೇ ಹೊರಟರು. ಸಂಜೆಯೊಳಗೆ ಹಿಂಬಾಗಿಲು ತೆರವಾಯಿತು. ನಾನೂ ಪರದೆಯ ಮೇಲೆ ಬಾಗಿಲು ತೆರೆದು ಹೊಗೆ ಹೊರಹೋಗುವುದನ್ನು ತೋರಿಸಿದ ಮೇಲೆಯೇ ಅವ್ವ ನನಗೆ ಊಟಕ್ಕೆ ಬಡಿಸಿದ್ದು.

ಈ ಸುದ್ದಿ ಕೇಳಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿದ್ದ ಅವರ ನೆಂಟರೊಬ್ಬರು ಫೋನ್ ಮಾಡಿದರು. "ನಮ್ಮಂಗಡಿಗೂ ಬಂದು ಪರೀಕ್ಷೆ ಮಾಡ್ರಿ ಸಾರ್. ಆದ್ರೆ ಬೆಂಕಿ ಮಾತ್ರ ಪಕ್ಕದಂಗಡಿಗೆ ಹಚ್ರಿ."