ನಳದ ಓಣಿಯ ಗೋಡೆ

ಪುಣೆಗೆ ಬಂದ ಮೇಲೆ ಫೋನಿನ ಹೊರಗೆ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಒಂದು ಚೀರಾಟ. "ಯವ್ವಾ, ಸಾಯ್ತೀನೇ ಯವ್ವಾ!" ಆಫೀಸಿನ ಕಿಟಕಿಗೆ ಓಡಿ ನೋಡಿದರೆ, ತುಂಬು ಗರ್ಭಿಣಿಯೊಬ್ಬಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಗಂಡಸರು ಎದುರಿನ ಗಲ್ಲಿಯಿಂದ ಓಡಿ ಬರುತ್ತಿದ್ದರು. ಹಿಂದೆ ಒಬ್ಬ ಹಿರಿಯ ಹೆಂಗಸು, ಕಿವಿಗೆ ಮೊಬೈಲ್ ಒತ್ತಿಕೊಂಡು, ಆಂಬುಲೆನ್ಸ್ ಡ್ರೈವರನಿಗೆ ದಾರಿ ಹೇಳುತ್ತಿದ್ದಳು. ಅವನು ಕೇಳುತ್ತಿದ್ದದ್ದು ಒಂದೇ ಮಾತೆಂದು ಆಮೇಲೆ ತಿಳಿಯಿತು: "ಗಲ್ಲೀಚ ನಾವ ಕಾಯ?" ಗಲ್ಲಿಯ ಹೆಸರೇನು? ಆ ಗಲ್ಲಿಗೆ ಹೆಸರೇ ಇರಲಿಲ್ಲ.

ನಾನು ಯೆರವಡಾದ ಒಂದು ಸಣ್ಣ ಡಿಸೈನ್ ಕಂಪನಿಗೆ ಸೇರಿ ಆಗಿನ್ನೂ ಒಂದು ವಾರವಾಗಿರಲಿಲ್ಲ. ಹಿಟ್ಟಿನ ಗಿರಣಿಯ ಮೇಲೆ ಎರಡು ಕೋಣೆ, ನಾಲ್ಕೇ ಜನ. ಯಜಮಾನಿ ಮೃಣಾಲ್, ಪುಣೆಯಲ್ಲೇ ಹುಟ್ಟಿ ಬೆಳೆದ ಮರಾಠಿಯವಳು, ಮೆಟ್ಟಿಲು ಹಾರಿಕೊಂಡು ಹೋಗಿ ಕಾರು ತೆಗೆದಳು. ಕನ್ನಡ ಬರುತ್ತದೆಂದು ನನ್ನನ್ನೂ ಎಳೆದುಕೊಂಡಳು. ಹಿಂದಿನ ಸೀಟಿನಲ್ಲಿ ಆ ಗರ್ಭಿಣಿ, ರೇಣುಕಾ, ನನ್ನ ಕೈ ಹಿಸುಕುತ್ತಿದ್ದಳು. ಫೋನ್ ಹಿಡಿದಿದ್ದ ಹಿರಿಯ ಹೆಂಗಸು, ಅವಳ ಅತ್ತೆ ಶರಣಮ್ಮ, ದೇವರ ಹೆಸರು ಹೇಳುತ್ತಿದ್ದಳು. ಆಸ್ಪತ್ರೆ ತಲುಪಿದೆವು. ರೇಣುಕಾ ಉಳಿದಳು, ಮಗು ಉಳಿಯಲಿಲ್ಲ. "ಸ್ವಲ್ಪ ಮುಂಚೆ ಬಂದಿದ್ದರೆ" ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಮೃಣಾಲ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು; ಅದನ್ನು ಶರಣಮ್ಮನಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ನಾನು ಬಾಯಿ ತೆರೆಯುವ ಮುನ್ನ ಅವಳೇ ನನ್ನ ಭುಜ ಮುಟ್ಟಿ, "ತಿಳೀತ್ರಿ, ನನಗ ಮರಾಠಿ ಬರತದ" ಎಂದಳು.

ತುಮಕೂರಿನಲ್ಲಿ ನಾನು ಬೆಳೆದ ಬೀದಿಗೆ ಹೆಸರಿತ್ತು, ಅಡ್ಡರಸ್ತೆಗೆ ನಂಬರಿತ್ತು. ಅದೂ ಒಂದು ಭಾಗ್ಯ ಎಂದು ಅಲ್ಲಿದ್ದಷ್ಟು ದಿನ ಅನ್ನಿಸಿದ್ದೇ ಇಲ್ಲ. ಇಲ್ಲಿ ಬಾಡಿಗೆ ಕೋಣೆ ಹುಡುಕುವಾಗ ನನ್ನ ತಲೆಬಿಸಿಯೆಲ್ಲ ಬೆಳಗಿನ ತಿಂಡಿಯ ಬಗ್ಗೆ ಇತ್ತು. ಮನೆಯೊಡತಿ ಕೊಡುವ ಪೋಹೆ, ಅಂದರೆ ನಮ್ಮ ಒಗ್ಗರಣೆ ಅವಲಕ್ಕಿ, ನಾಲಿಗೆಗೆ ಸಿಹಿ ಸಿಹಿ. ರಿಕ್ಷಾದವನಿಗೆ "ಥಾಂಬಾ" ಎಂದು ಹೇಳಿ ನಿಲ್ಲಿಸಿದ ದಿನ ರಾಜ್ಯ ಗೆದ್ದಂತೆ ಬೀಗಿದ್ದೆ. ಆಸ್ಪತ್ರೆಯಿಂದ ಮರಳಿದ ಮೇಲೆ ಅದೆಲ್ಲ ಹಾಸ್ಯಾಸ್ಪದವಾಗಿ ಕಂಡಿತು.

ಮರುದಿನ ಮೃಣಾಲ್ ನಾವು ಮಾಡುತ್ತಿದ್ದ ಬಿಸ್ಕತ್ತು ಪೊಟ್ಟಣದ ಕೆಲಸವನ್ನು ಬದಿಗಿಟ್ಟಳು. "ಅಕ್ಷರ ಬರೆದು ಹೊಟ್ಟೆ ಹೊರೆಯುವವರು ನಾವು. ಎದುರಿನ ಗಲ್ಲಿಗೇ ಹೆಸರಿಲ್ಲ" ಎಂದಳು. ಅಲ್ಲಿಂದ ನಮ್ಮ ಸಂಜೆಗಳು ಆ ವಸ್ತಿಯಲ್ಲೇ ಕಳೆದವು. ವಸ್ತಿ ಎಂದರೆ ಒತ್ತೊತ್ತಾಗಿ ಬೆಳೆದ ಬಡವರ ಮನೆಗಳ ಗುಂಪು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಅಲ್ಲಿ ಬಹಳ. ಜನರನ್ನು ಕೂಡಿಸಿ, ಪ್ರತಿ ಗಲ್ಲಿಯನ್ನು ಅವರು ಯಾವ ಹೆಸರಿನಿಂದ ಗುರುತಿಸುತ್ತಾರೋ ಅದನ್ನೇ ಗೋಡೆಗೆ ಬರೆಯುವುದೆಂದು ತೀರ್ಮಾನವಾಯಿತು. ಶರಣಮ್ಮನ ಗಲ್ಲಿಯ ಬಾಯಲ್ಲಿ ನೀರಿನ ನಳವಿತ್ತು. ಮರಾಠಿಯಲ್ಲಿ "ನಳಾಚೀ ಗಲ್ಲೀ" ಎಂದು ದೊಡ್ಡದಾಗಿ ಬರೆದೆವು. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ನಿಂತು, ಅದರ ಕೆಳಗೆ ಕನ್ನಡದಲ್ಲಿ "ನಳದ ಓಣಿ" ಎಂದು ಬರೆದೆ. ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ನೋಡಿ ಖುಷಿಪಡಲಿ ಎಂದುಕೊಂಡೆ. ಪುಣೆಗೆ ಬಂದ ಮೇಲೆ ನನ್ನ ಕೈ ಅಷ್ಟು ಸಲೀಸಾಗಿ ಓಡಿದ್ದು ಅದೇ ಮೊದಲು.

ಬೆಳಿಗ್ಗೆ ಹೋದರೆ ಕನ್ನಡದ ಸಾಲಿನ ಮೇಲೆ ಸುಣ್ಣ ಬಳಿದಿತ್ತು. ಮರಾಠಿ ಅಕ್ಷರಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಅಲ್ಲಿ ಕನ್ನಡ ಬರೆದಿದ್ದೆನೆಂದು ಜೊತೆಗೆ ಬಂದ ಮೃಣಾಲ್‌ಗೆ ಹೇಳಿದೆ. ಮೃಣಾಲ್ ಮುಖ ಕೆಂಪಾಯಿತು. "ನನ್ನ ಊರಿನಲ್ಲಿ ಇಂಥವರಿದ್ದಾರೆಂದು ನಾಚಿಕೆಯಾಗುತ್ತದೆ. ನಡೆ, ಪೊಲೀಸ್ ಚೌಕಿಗೆ ಹೋಗೋಣ" ಎಂದಳು. ಅಷ್ಟರಲ್ಲಿ ಶರಣಮ್ಮ ಕೊಡ ತುಂಬಿಸಲು ಬಂದಳು.

"ಚೌಕಿಗೆ ಯಾಕ್ರಿ? ನಾನೇ ಬಳದೀನಿ."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. "ನೀವಾ? ಯಾಕಮ್ಮ? ಅದು ನಮ್ಮ ಭಾಷೆ ಅಲ್ವಾ?"

"ಹೌದ್ರಿ, ನಮ್ಮದೇ ಅದ. ನನ್ನ ಮಗಾ ಇಲ್ಲೇ ಹುಟ್ಯಾನ, ಇಲ್ಲೇ ಸಾಲಿ ಕಲ್ತಾನ. ಅವನಿಗೂ 'ನೀ ಯಾವೂರಾಂವ' ಅಂತ ಕೇಳ್ತಾರ. ಓಣಿ ಬಾಯಾಗ ಕನ್ನಡ ಬರದ್ರ, ನಾಳೆ ಮನಿ ಕೆಡವಾಕ ಬಂದವರಿಗೆ ಮೊದ್ಲ ನಮ್ಮ ಓಣಿನ ಕಾಣಸ್ತದ. ನೀವು ಬರದು ಹೋಗ್ತೀರಿ. ಇಲ್ಲಿ ಇರಾವ್ರು ನಾವು."

"ಹಾಗಂತ ಕನ್ನಡದ ಬಗ್ಗೆ ನಾಚಿಕೆ ಪಡಬೇಕಾ?" ನನ್ನ ದನಿ ಏರಿತ್ತು.

ಅವಳು ಕೊಡ ಕೆಳಗಿಟ್ಟಳು. "ನಾಚಿಕಿ? ಅವತ್ತು ನನ್ನ ಸೊಸಿ ನಿಮ್ಮ ಕೈ ಹಿಡಕೊಂಡು ಯಾವ ಭಾಷಾದಾಗ ಅತ್ತಳು, ಕೇಳೀರಲ್ಲ? ಅದನ್ನ ಯಾರೂ ಒರಸಾಕ ಆಗಂಗಿಲ್ಲ. ಗ್ವಾಡಿ ಮ್ಯಾಲ ಮಾತ್ರ ಬ್ಯಾಡ್ರಿ."

ಮೃಣಾಲ್‌ಗೆ ನಾನು ಅನುವಾದಿಸಿ ಹೇಳಿದೆ. ಕನ್ನಡ ಅಳಿಸಿದವರು ಮರಾಠಿಯವರಾಗಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಈ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ನಾನು ಹಲವು ದಿನ ಒದ್ದಾಡಿದೆ. ಶರಣಮ್ಮನ ಮಾತು ಪೂರ್ತಿ ಒಪ್ಪಿಗೆಯಾಯಿತೆಂದು ಇವತ್ತಿಗೂ ಹೇಳಲಾರೆ. ಆದರೂ ಸುಣ್ಣ ಬಳಿದ ಜಾಗದಲ್ಲಿ, ಅವಳು ಹೇಳಿದಂತೆ, ದೂರದಿಂದಲೇ ಕಾಣುವ ಒಂದು ಬಾಣದ ಗುರುತು ಬರೆದುಕೊಟ್ಟೆ.

ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ ಆ ಗಲ್ಲಿಯ ಮುದುಕರೊಬ್ಬರಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಎಲ್ಲೂ ತಡವರಿಸದೆ ನೇರ ನಳದ ಎದುರು ಬಂದು ನಿಂತಿತು. ಇಡೀ ಓಣಿ ಹೊರಗೆ ಬಂದು ನೋಡಿತು, ನಾವೂ ಇಳಿದು ಹೋದೆವು. ಮುದುಕರು ಬದುಕಿಕೊಂಡರು. ಗಾಡಿ ಹೊರಟಾಗ ನನ್ನ ಪಕ್ಕದಲ್ಲಿ ರೇಣುಕಾ ನಿಂತಿದ್ದಳು. "ಗ್ವಾಡಿ ಮ್ಯಾಲ ಇದನ್ನ ಮೊದ್ಲ ಬರದಿದ್ರ..." ಎಂದವಳು ಮಾತು ಮುಗಿಸದೆ ಒಳಗೆ ಹೋದಳು. ನಮ್ಮ ಕೆಲಸದ ಬಗ್ಗೆ ಆ ಹೊತ್ತಿಗೆ ನನ್ನೊಳಗೆ ಮೂಡಿದ್ದ ಹೆಮ್ಮೆ ಅಲ್ಲೇ ಉಡುಗಿತು.

ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಪ್ಪ ಹೋಳಿಗೆ ತಟ್ಟೆ ಸರಿಸಿ ಕೂತರು. "ಕನ್ನಡದವರೇ ಕನ್ನಡ ಅಳಿಸೋದಾ? ಹೆದರುಪುಕ್ಕಲರು!" ಎಂದರು. ಶರಣಮ್ಮನ ಎದುರು ನಾನೇ ಹೆಚ್ಚುಕಡಿಮೆ ಇದೇ ಮಾತಾಡಿದ್ದೆ. ಈಗ ಮಾತ್ರ ಮೈ ಉರಿಯಿತು.

"ಹಾಗೆಲ್ಲ ಅನ್ಬೇಡಿ ಅಪ್ಪ. ನಮ್ಮೋರ ಕಷ್ಟ ನಿಮಗೇನು ಗೊತ್ತು?"

ಅಪ್ಪ ನನ್ನನ್ನೇ ದಿಟ್ಟಿಸಿ ನಕ್ಕುಬಿಟ್ಟರು. "ಸರಿ ಕಣಮ್ಮ. ಅವರು ನಿಮ್ಮೋರಾದ್ರು. ಮತ್ತೆ ನಾವು?"

ತಮಾಷೆಗೇ ಕೇಳಿದ್ದು. ಅಮ್ಮನೂ ನಕ್ಕಳು. ನಾನು ಮಾತ್ರ ನಗದೆ, ಅಪ್ಪ ಸರಿಸಿದ್ದ ಹೋಳಿಗೆ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದೆ.