ಉಪವಾಸ ಎಂದರೆ ಬರೇ ಹೊಟ್ಟೆಯಲ್ಲ

ಬನಹಟ್ಟಿಯಲ್ಲಿ ಏಜೆಂಟ್ ಎಂದರೆ ನೂಲಿನ ಏಜೆಂಟ್, ಇಲ್ಲವೇ ವಿಮೆ ಏಜೆಂಟ್. ಹೀಗಾಗಿ ಮನೆಯಲ್ಲೇ ಕುಳಿತು ಏಜೆಂಟಿಗೆ ಓದಲಿಕ್ಕೆ ಬರೆದುಕೊಡುವ ಕೆಲಸ ಸಿಕ್ಕಿದೆಯೆಂದು ಸೊಸೆ ಪ್ರತಿಮಾ ಹೇಳಿದಾಗ ಅತ್ತೆ ಮಾದೇವಿಗೆ ನಗು ತಡೆಯಲಿಲ್ಲ.

"ಅಂವಗ ಓದಾಕ ಬರ್ತೈತೋ ಇಲ್ಲೋ, ಮೊದ್ಲ ಅದನ್ನ ಕೇಳ."

"ಬರ್ತೈತ್ರಿ ಅತ್ತೀ. ಓದಿದಷ್ಟ ತಿಳಿತೈತಿ. ಅದ ತ್ರಾಸ."

ಪ್ರತಿಮಾ ಮದುವೆಗೆ ಮುಂಚೆ ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯ ನೋಡಿಕೊಳ್ಳುತ್ತಿದ್ದವಳು. ಈಗ ಹುಬ್ಬಳ್ಳಿಯ ಒಂದು ಕಂಪನಿಯ ಪೋಷಣೆ ಸೇವೆಗೆ ದುಡಿಯುತ್ತಾಳೆ. ಜನ ತಾವು ತಿಂದದ್ದನ್ನು ಫೋನಿಗೆ ಹೇಳುತ್ತಾರೆ; ಒಳಗಿನ ಎಐ ಏಜೆಂಟ್ ಕೇಳಿ ಸಲಹೆ ಕೊಡುತ್ತದೆ. ಅದರ ಕೈಗೆ ಹಲವು ಟೂಲುಗಳನ್ನು ಕೊಟ್ಟಿದ್ದಾರೆ: ಊಟದ ಲೆಕ್ಕ ಹಾಕುವುದೊಂದು, ಹಣ್ಣಿಗೊಂದು, ಉಪವಾಸದ ದಿನ ಗುರುತಿಸುವುದೊಂದು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂಬುದು ಏಜೆಂಟಿಗೆ ತಾನಾಗಿ ಹೊಳೆಯದು. ಆಯಾ ಟೂಲಿನ ವಿವರಣೆ ಓದಿಯೇ ತಿಳಿಯಬೇಕು. ಆ ವಿವರಣೆ ಬರೆಯುವವಳು ಪ್ರತಿಮಾ.

ಮಾದೇವಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿನ ಕಿರುಬೆರಳು ತೆಗೆಸಿಕೊಂಡು ಬಂದಿದ್ದಳು. ಈಗ ಪಕ್ಕದ ಬೆರಳಿಗೂ ಗಾಯ. ಸಕ್ಕರೆ ಇಳಿಯದಿದ್ದರೆ ಪಾದವೇ ಹೋದೀತೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೊಸೆ ಬೇಡವೆಂದರೆ ಬಿಡುವ ಜೀವವಲ್ಲ ಅದು. ಪ್ರತಿಮಾ ಅದೇ ಸೇವೆಯನ್ನು ಅತ್ತೆಯ ಫೋನಿಗೂ ಹಾಕಿಕೊಟ್ಟಿದ್ದಳು; ಅದು ಹೇಳಿದರೆ ಮಾತ್ರ ಮಾದೇವಿ ತಲೆಯಾಡಿಸುತ್ತಿದ್ದಳು. "ಎಷ್ಟ ಸಮಾಧಾನದಿಂದ ಮಾತಾಡತೈತಿ, ನೋಡಿ ಕಲಿ," ಎಂದು ಸೊಸೆಯನ್ನು ಚುಚ್ಚುತ್ತಿದ್ದಳು. ಪ್ರತಿಮಾ ಚುಚ್ಚಿಸಿಕೊಳ್ಳುತ್ತಿದ್ದಳು. ತನ್ನ ಮಾತು ನಡೆಯದ ಮನೆಯಲ್ಲಿ ತಾನು ಬರೆದದ್ದಾದರೂ ನಡೆಯಲಿ, ಆ ಪಾದವೊಂದು ಉಳಿಯಲಿ.

ಒಂದು ಸೋಮವಾರ ಪಡಸಾಲೆಗೆ ಬಂದು ನೋಡಿದರೆ ಅತ್ತೆ ಶೇಂಗಾ ಉಂಡಿ ಮೆಲ್ಲುತ್ತ ಕೂತಿದ್ದಾಳೆ.

"ಅತ್ತೀ, ಬೆಲ್ಲದ್ದ ಐತ್ರಿ ಅದು."

"ನಾ ಎಲ್ಲಿ ತಿನ್ನಾಕತ್ತೇನಿ ಬೇ? ನಿನ್ನ ಏಜಂಟ ತಿನ್ನಸಾಕತ್ತೈತಿ."

ಬೆಳಿಗ್ಗೆ ಫೋನಿಗೆ "ಇವತ್ತ ಉಪವಾಸ" ಎಂದಿದ್ದಳಂತೆ. "ನೀವು ಏನನ್ನೂ ಸೇವಿಸಿಲ್ಲ. ತಲೆ ಸುತ್ತಿದರೆ ಸ್ವಲ್ಪ ಸಿಹಿ ತೆಗೆದುಕೊಳ್ಳಿ," ಎಂದು ಅದು ಹೇಳಿತ್ತು. ಹೊಟ್ಟೆಯಲ್ಲಿ ಆಗಲೇ ತಾಟಿನ ತುಂಬ ಸಾಬೂದಾನಿ ಕಿಚಡಿ, ಮೇಲೊಂದು ಬಾಳೆಹಣ್ಣು. ಈ ಕಡೆ ಉಪವಾಸವೆಂದರೆ ರೊಟ್ಟಿ, ಅನ್ನ ಮುಟ್ಟುವುದಿಲ್ಲ, ಅಷ್ಟೇ. ಬರೇ ಹೊಟ್ಟೆಯಲ್ಲಿ ಯಾರಿರುತ್ತಾರೆ?

ಪ್ರತಿಮಾ ಆ ಟೂಲಿನ ವಿವರಣೆ ತೆಗೆದು ನೋಡಿದಳು. ಅವಳು ಸೇರುವ ಮುಂಚೆ ಯಾರೋ ಬರೆದಿಟ್ಟದ್ದು: ‘ಬಳಕೆದಾರರು ಉಪವಾಸವಿದ್ದರೆ ಬಳಸು. ಆಹಾರ ಸೊನ್ನೆ.’ ಅದನ್ನು ಅಳಿಸಿ ಹೊಸದು ಬರೆದಳು: ‘ಉಪವಾಸ ಎಂಬ ಮಾತು ಕೇಳಿದ ಮಾತ್ರಕ್ಕೆ ಬಳಸಬೇಡ. ಏನು ತಿಂದಿರಿ ಎಂದು ಮೊದಲು ಕೇಳು. ಏನೂ ತಿಂದಿಲ್ಲವೆಂದರೆ ಮಾತ್ರ ಬಳಸು.’

ಹುಬ್ಬಳ್ಳಿಯ ಕಂಪನಿಯಿಂದ ಅವಳ ಮೇಲಧಿಕಾರಿ ಪ್ರೇಮಕುಮಾರ ಫೋನ್ ಹಚ್ಚಿದ.

"ಉದ್ದ ಆತ್ರಿ ಮೇಡಂ. ಉಪವಾಸ ಅಂದ್ರ ಉಪವಾಸ. ಇಷ್ಟ ಪುರಾಣ ಯಾಕ?"

"ನಿಮ್ಮ ಮನ್ಯಾಗ ಉಪವಾಸದ ದಿನಾ ಏನ ಮಾಡ್ತಾರ್ರಿ ಸರ?"

"ವಡಿ," ಎಂದ. "ಸಾಬೂದಾನಿ ವಡಿ."

ವಿವರಣೆ ಹಾಗೇ ಉಳಿಯಿತು.

ಮರು ಸೋಮವಾರ ಏಜೆಂಟ್ ಸರಿಯಾಗಿಯೇ ಕೇಳಿತು. ಮಾದೇವಿ ತಾಟು ಬದಿಗೆ ಸರಿಸಿ, "ಏನ ಇಲ್ಲಪಾ, ಸ್ವಲ್ಪ ಫಳಾರ ಆತು," ಎಂದಳು. ಏಜೆಂಟ್ ಅದನ್ನು ಫಲಾಹಾರವೆಂದು ತಿಳಿದು, ಹಣ್ಣಿನ ಟೂಲು ಎತ್ತಿಕೊಂಡು, ಒಳ್ಳೆಯದಾಯಿತು ಎಂದಿತು. ಕಿಚಡಿ, ಬಟಾಟಿ, ಶೇಂಗಾ ಉಂಡಿ ಎಲ್ಲವೂ ಇಲ್ಲಿನವರ ಬಾಯಲ್ಲಿ ಫಳಾರವೇ ಎಂದು ಅದಕ್ಕೆ ಹೇಳಿದವರಾದರೂ ಯಾರು? ಪ್ರತಿಮಾ ಹಣ್ಣಿನ ಟೂಲಿನ ವಿವರಣೆಯಲ್ಲಿ ಅದನ್ನೂ ಬರೆದಳು: ‘ಫಳಾರ ಎಂದರೆ ಹಣ್ಣೆಂದು ತಿಳಿಯಬೇಡ. ಸಾಬೂದಾನಿ ಇತ್ತೇ, ಬೆಲ್ಲ ಇತ್ತೇ, ಎಷ್ಟು ಎಂದು ಒಂದೊಂದಾಗಿ ಕೇಳು.’

ಅದರ ಮುಂದಿನ ಸೋಮವಾರ ಏಜೆಂಟ್ ಒಂದೊಂದಾಗಿ ಕೇಳಿತು. ಸಾಬೂದಾನಿ ಇತ್ತೇ? ಇತ್ತು. ಎಷ್ಟು? ಬೆಲ್ಲ? ಮಾದೇವಿ ಫೋನನ್ನು ದೂರ ಹಿಡಿದು ನೋಡಿದಳು. ಆಮೇಲೆ ಸೊಸೆಯ ಮುಖ ನೋಡಿದಳು.

"ಇದು ನಿನ್ನಂಗ ಮಾತಾಡಾಕತ್ತೈತಲ್ಲ ಬೇ."

"ನಿಮ್ಮ ಛಲೋದಕ್ಕ ಕೇಳತೈತ್ರಿ."

"ಹೂಂ. ನೀನೂ ಛಲೋದಕ್ಕ ಕೇಳ್ತಿ." ಫೋನನ್ನು ಬೋರಲು ಹಾಕಿದಳು. "ಮನ್ಯಾಗ ಒಬ್ಬಾಕಿ ಇದ್ದದ್ದ ಸಾಕಾಗಿತ್ತು ನನಗ."

ಮತ್ತೆ ಅದರ ಜೊತೆ ಮಾತಾಡಲಿಲ್ಲ. ತಿನ್ನುವುದನ್ನು ಮಾತ್ರ ಬಿಡಲಿಲ್ಲ.

ಬೇರೆ ಮನೆಗಳಲ್ಲೂ ಇದೇ ಕಥೆ ಇರಬೇಕು. ಸೋಮವಾರ ಮಾತಾಡುವವರು ಕಡಿಮೆಯಾಗಿದ್ದಾರೆ, ಏಜೆಂಟ್ ಬಹಳ ಕೇಳುತ್ತದಂತೆ, ಏನಾದರೂ ಮಾಡಿ ಎಂದು ಪ್ರೇಮಕುಮಾರ ಹೇಳಿದ. ಪ್ರತಿಮಾ ವಿವರಣೆಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಳು. ಕೇಳಿದರೆ ಜನ ಮಾತಾಡುವುದಿಲ್ಲ; ಕೇಳದಿದ್ದರೆ ಸುಳ್ಳು ಲೆಕ್ಕ. ಮೂರನೆಯದೊಂದು ವಾಕ್ಯ ಅವಳಿಗೆ ಹೊಳೆಯಲಿಲ್ಲ.

ಸಂಜೆ ಅತ್ತೆಯ ಕಾಲಿನ ಪಟ್ಟಿ ಬಿಚ್ಚಿದಳು. ವಾಸನೆ ಮೊದಲು ಬಂತು. ಮಾದೇವಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

"ಹೆಂಗೈತಿ?"

"ಕಪ್ಪಾಗೈತ್ರಿ ಅತ್ತೀ. ಪಾದದ ಮ್ಯಾಲಿನತನಾ ಏರೈತಿ."

"ಅರಿಷಿಣಾ ಹಚ್ಚ ಸ್ವಲ್ಪ."

ಪ್ರತಿಮಾ ಹಚ್ಚಲಿಲ್ಲ. ಹೊಸ ಪಟ್ಟಿ ಸುತ್ತಿದಳು, ಕೈ ತೊಳೆದಳು. ಅಂಗಳಕ್ಕೆ ಬಂದು, ತಾನು ಹಿಂದೆ ಕೆಲಸ ಮಾಡಿದ ಜಮಖಂಡಿಯ ಆಸ್ಪತ್ರೆಗೆ ಫೋನ್ ಹಚ್ಚಿ, ಹೆಣ್ಣುಮಕ್ಕಳ ವಾರ್ಡಿನಲ್ಲಿ ಹಾಸಿಗೆ ಖಾಲಿ ಇದೆಯೇ ಎಂದು ಕೇಳಿದಳು.