ಪಾಲಿನ ಗೋಡೆಯ ತೂತು

ಪಾಲಾದ ಮನೆಯಲ್ಲಿ ನಡುಗೋಡೆ ದಾಟಿ ಏನೂ ಕೊಡಬಾರದು, ತಗೊಳ್ಳಬಾರದು ಎಂಬುದು ಆ ಅಣ್ಣತಮ್ಮಂದಿರು ಪಂಚರ ಮುಂದೆ ಒಪ್ಪಿದ ಕರಾರು. ಅದನ್ನು ಮುರಿಯದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ನಿಜಾಮರ ಕಾಲ. ಅಫಜಲಪುರಕ್ಕೆ ನೌಕರಿಗೆ ಬಂದಿದ್ದ ನನಗೆ ಅವರಲ್ಲಿ ತಮ್ಮನಾದವನು ತನ್ನ ಪಾಲು ಮಾರಿ ಜೇವರ್ಗಿಗೆ ಹೋಗಿದ್ದ. ಆ ಪಾಲಿನಲ್ಲಿ ನಾನು ಒಬ್ಬನೇ. ಅಡಿಗೆಮನೆಯ ನಡುಗೋಡೆಯಲ್ಲಿ, ಕುಳಿತವರ ಎದೆಮಟ್ಟಕ್ಕೆ, ಒಂದು ತೂತು. ಅದರಲ್ಲಿ ಒಡೆದ ಕೊಡದ ಕಂಠ ಕೂಡಿಸಿ ಸುತ್ತ ನೀಟಾಗಿ ಮಣ್ಣು ಮೆತ್ತಿದ್ದರು. ಹೊಗೆ ಹೋಗಲು ಅದು ತೀರ ಕೆಳಗಿತ್ತು, ನೀರು ಹೋಗಲು ತೀರ ಮೇಲೆ. ಅರ್ಥವಿಲ್ಲದ ಕೆಲಸ ನನಗೆ ಸೇರದು. ಪಕ್ಕದ ಪಾಲಿನ ಅಣ್ಣನನ್ನು ಕರೆಸಿ ಕೇಳಿದೆ.

"ಏನ್ ಹೇಳ್ಲಿರಿ ಸಾಹೇಬ್ರ, ಹೆಣ್ಮಕ್ಕಳು ರೊಟ್ಟಿ ದಾಟಸ್ತಿದ್ರು. ನಾನೂ ಒಮ್ಮೊಮ್ಮೆ ತಮ್ಮಗ ಎಲಿ-ಅಡಿಕಿ ಕೊಟ್ಟೇನಿ."

"ಕರಾರು ಅಂದರೆ ಕರಾರು. ಮುಚ್ಚಿಬಿಡಿ," ಎಂದೆ.

ಆತ ಮಣ್ಣು ಕಲಸಿ ತಂದು ಉಂಡೆ ಎತ್ತಿದ್ದಷ್ಟೇ, ತೂತಿನಿಂದ ಹಸಿರು ಬಳೆಯ ಕೈಯೊಂದು ಬಂತು. ಅದರಲ್ಲಿ ಸುರುಳಿ ಸುತ್ತಿದ ಬಿಸಿ ಜೋಳದ ರೊಟ್ಟಿ.

"ಆ ಕಡೆ ರೊಟ್ಟಿ ಬಡಿಯೋ ಸಪ್ಪಳನ ಇಲ್ಲ. ಸಾಹೇಬ್ರು ಏನ್ ತಿಂತಾರ?" ಆತನ ಹೆಂಡತಿಯ ದನಿ.

"ಕೈ ತಗೀಬೇ, ಮುಚ್ಚಾಕತ್ತೇನಿ!"

"ಮುಚ್ರಿ. ನನ್ನ ಕೈ ಸೇರಿಸೇ ಮುಚ್ರಿ."

ಆತ ನನ್ನ ಮುಖ ನೋಡಿದ. ನಾನು ರೊಟ್ಟಿ ನೋಡಿದೆ. ಆಮೇಲೆ ಎಷ್ಟೋ ಊರು ತಿರುಗಿದ್ದೇನೆ. ಗೋಡೆಯೊಂದು ನನ್ನ ಊಟ ವಿಚಾರಿಸಿದ್ದು ಅಲ್ಲಿ ಮಾತ್ರ. ಮಣ್ಣು ಆತನ ಅಂಗೈಯಲ್ಲೇ ಒಣಗತೊಡಗಿತು. ಆ ಕೈ ಮಾತ್ರ ಹಿಂದೆ ಸರಿಯಲಿಲ್ಲ.